ವರ್ಚುವಲ್ ಯಂತ್ರಗಳ ಸ್ಥಳಾಂತರ: ಡಿಸ್ಕ್ ಪರಿವರ್ತನೆಯಲ್ಲಿ ವಹಿಸಬೇಕಾದ ಎಚ್ಚರ

ಒಂದೇ ಸರ್ವರಿನೊಳಗೆ ತಂತ್ರಾಂಶದ ನೆರವಿನಿಂದ ಹಲವು ಗಣಕಯಂತ್ರಗಳನ್ನು ನಡೆಸುವ ವರ್ಚುವಲೈಸೇಷನ್ ಪದ್ಧತಿಯನ್ನು ಅನೇಕ ವಾಣಿಜ್ಯ ಸಂಸ್ಥೆಗಳು ಅಳವಡಿಸಿಕೊಂಡಿವೆ. ಇಂತಹ ಪ್ರತಿಯೊಂದು ಯಂತ್ರದ ಲೆಕ್ಕಪತ್ರ, ದಾಸ್ತಾನು, ವೇತನಪಟ್ಟಿಗಳೆಲ್ಲವೂ ಡಿಸ್ಕ್ ಕಡತಗಳಲ್ಲಿ ಅಡಕವಾಗಿರುತ್ತವೆ. 2023ರ ನವೆಂಬರಿನಲ್ಲಿ ವಿಎಂವೇರ್ ಸಂಸ್ಥೆಯನ್ನು ಸ್ವಾಧೀನಪಡಿಸಿಕೊಂಡ ಬ್ರಾಡ್‌ಕಾಮ್, ಡಿಸೆಂಬರಿನಲ್ಲಿ ಶಾಶ್ವತ ಪರವಾನಗಿಗಳ ಮಾರಾಟವನ್ನು ಕೊನೆಗೊಳಿಸಿ ಚಂದಾ ಪದ್ಧತಿಯನ್ನು ಜಾರಿಗೆ ತಂದ ನಂತರ, ಬೇರೆ ವೇದಿಕೆಗೆ ಸಾಗುವ ವಿಚಾರಕ್ಕೆ ಮಹತ್ವ ಬಂದಿದೆ.

ವೇದಿಕೆಗೊಂದು ಕಡತ ಸ್ವರೂಪವಿದೆ. ವಿಎಂವೇರ್‌ನದು ವಿಎಂಡಿಕೆ, ಲಿನಕ್ಸ್‌ನ ಕೆವಿಎಂನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಕ್ಯೂಕೌ2, ಮೈಕ್ರೋಸಾಫ್ಟ್‌ನ ಹೈಪರ್-ವಿಯದು ವಿಎಚ್‌ಡಿ ಮತ್ತು ವಿಎಚ್‌ಡಿಎಕ್ಸ್. ವಿಎಚ್‌ಡಿಯ ಮಿತಿ ಸುಮಾರು 2 ಟೆರಾಬೈಟ್. ವಿಂಡೋಸ್ ಸರ್ವರ್ 2012ರೊಡನೆ ಬಂದ ವಿಎಚ್‌ಡಿಎಕ್ಸ್‌ನ ಮಿತಿ 64 ಟೆರಾಬೈಟ್. ಕ್ಯೂಇಎಂಯು-ಐಎಂಜಿ ಎಂಬ ಉಚಿತ ಉಪಕರಣವು ಈ ಸ್ವರೂಪಗಳನ್ನು ಪರಸ್ಪರ ಪರಿವರ್ತಿಸಬಲ್ಲದು.

ಆದರೆ ಕಡತ ಬದಲಾದ ಮಾತ್ರಕ್ಕೆ ಯಂತ್ರ ಚಾಲನೆಗೊಳ್ಳುವುದೆಂಬ ಭರವಸೆಯಿಲ್ಲ. ಒಳಗಿರುವ ವಿಂಡೋಸ್ ಹಳೆಯ ವೇದಿಕೆಯ ಡಿಸ್ಕ್ ನಿಯಂತ್ರಕವನ್ನೇ ನಿರೀಕ್ಷಿಸುತ್ತದೆ. ಕೆವಿಎಂಗೆ ಸಾಗಿಸುವಾಗ ವರ್ಟಿಯೋ ಡ್ರೈವರುಗಳನ್ನು ಮೊದಲೇ ಸೇರಿಸಬೇಕು, ಇಲ್ಲವೇ ಆರಂಭದಲ್ಲಿ ಡಿಸ್ಕನ್ನು ಸಾಟಾ ರೂಪದಲ್ಲಿ ಜೋಡಿಸಬೇಕು. ವರ್ಟ್-ವಿ2ವಿ ಉಪಕರಣವು ಕಡತ ಪರಿವರ್ತನೆಯೊಡನೆ ಡ್ರೈವರ್ ಸೇರ್ಪಡೆಯನ್ನೂ ನಿರ್ವಹಿಸುತ್ತದೆ. ಹೈಪರ್-ವಿಯಲ್ಲಿ ಬಯಾಸ್ ಯಂತ್ರಕ್ಕೆ ಮೊದಲ ಪೀಳಿಗೆಯನ್ನೂ ಯುಇಎಫ್ಐ ಯಂತ್ರಕ್ಕೆ ಎರಡನೆಯ ಪೀಳಿಗೆಯನ್ನೂ ಆಯ್ದುಕೊಳ್ಳಬೇಕು.

ಚಾಲನೆಗೊಳ್ಳದ ಯಂತ್ರದ ದೋಷ ಒಡನೆಯೇ ತಿಳಿಯುತ್ತದೆ. ಹಳೆಯ ಲೆಕ್ಕದೊಡನೆ ಚಾಲನೆಗೊಳ್ಳುವ ಯಂತ್ರ ಅದಕ್ಕಿಂತ ಅಪಾಯಕಾರಿ. ಸ್ನ್ಯಾಪ್‌ಶಾಟ್ ತೆಗೆದ ಬಳಿಕದ ಬರಹಗಳು ಮೂಲ ಕಡತದಲ್ಲಿರದೆ ಪ್ರತ್ಯೇಕ ಕಡತದಲ್ಲಿ ಶೇಖರವಾಗುತ್ತವೆ. ಮೂಲ ಕಡತವನ್ನಷ್ಟೇ ಪರಿವರ್ತಿಸಿದರೆ ಹೊಸ ಯಂತ್ರ ಸುಗಮವಾಗಿ ತೆರೆದುಕೊಂಡರೂ ಸ್ನ್ಯಾಪ್‌ಶಾಟ್ ತೆಗೆದ ದಿನದಿಂದೀಚಿನ ವ್ಯವಹಾರಗಳು ಅದರಲ್ಲಿರುವುದಿಲ್ಲ.

ಆದುದರಿಂದ ಮೊದಲು ಸ್ನ್ಯಾಪ್‌ಶಾಟ್‌ಗಳನ್ನು ವಿಲೀನಗೊಳಿಸಿ, ಕೊನೆಯ ವೋಚರ್ ಸಂಖ್ಯೆ ಹಾಗೂ ತಾಳೆಪಟ್ಟಿಯ ಮೊತ್ತಗಳನ್ನು ಬರೆದಿಟ್ಟುಕೊಂಡು, ಯಂತ್ರವನ್ನು ಕ್ರಮಬದ್ಧವಾಗಿ ಸ್ಥಗಿತಗೊಳಿಸಿ ಪ್ರತಿ ತೆಗೆದಿಡಬೇಕು. ಪರಿವರ್ತನೆಯ ನಂತರ ಹೊಸ ಯಂತ್ರವನ್ನು ಜಾಲದಿಂದ ಬೇರ್ಪಡಿಸಿಯೇ ಚಾಲನೆಗೊಳಿಸಿ, ಬರೆದಿಟ್ಟ ಅಂಕಿಗಳೊಡನೆ ತಾಳೆ ನೋಡಬೇಕು. ಈ ಪರಿಶೀಲನೆ ಗಣಕ ತಂತ್ರಜ್ಞರೊಬ್ಬರಿಂದಲೇ ಆಗುವಂಥದ್ದಲ್ಲ. ಲೆಕ್ಕಪಾಲಕರ ಒಪ್ಪಿಗೆಯೂ ಅಗತ್ಯ. ಆ ಒಪ್ಪಿಗೆ ದೊರೆಯುವವರೆಗೆ ಹಳೆಯ ಡಿಸ್ಕ್ ಕಡತವನ್ನು ಅಳಿಸಬಾರದು.