ಕೂಲೆಂಟ್ ಸೋರುತ್ತಿದೆಯೇ? ಮೊದಲು ರಟ್ಟು ಹಾಸಿ

ರಾಮಾಂಜನೇಯ ಗುಡ್ಡ ಒಂದು ಕಡೆ, ಕುಮಾರಸ್ವಾಮಿ ದೇವಸ್ಥಾನದ ಗುಡ್ಡ ಇನ್ನೊಂದು ಕಡೆ. ಬೆಂಗಳೂರಿನ ಹನುಮಂತನಗರದ ಅಡ್ಡರಸ್ತೆಗಳಲ್ಲಿ ಏರಿಳಿತಕ್ಕೆ ಬರವಿಲ್ಲ. ಮನೆ ಮುಂದೆ ರಸ್ತೆಯಲ್ಲೇ ಕಾರು ನಿಲ್ಲಿಸುವವರಿಗೆ ಈ ಇಳಿಜಾರು ಒಂದು ಮೋಸ ಮಾಡುತ್ತದೆ. ಕಾರಿನಿಂದ ತೊಟ್ಟಿಕ್ಕಿದ್ದು ಬಿದ್ದಲ್ಲಿ ನಿಲ್ಲದೆ, ಹರಿದು ಪಕ್ಕದ ಮನೆಯ ಸ್ಕೂಟರಿನಡಿ ಸೇರಿರುತ್ತದೆ. ಕೂಲೆಂಟ್ ಕಡಿಮೆಯಾಗಿದ್ದು ಕಂಡಾಗ ನಾವು ಒಂದು ಚೊಂಬು ನೀರು ಸುರಿದು ಹೊರಟುಬಿಡುತ್ತೇವೆ. ಅದು ರಿಪೇರಿಯಲ್ಲ. ಸೋರುವ ಜಾಗ ಸಿಕ್ಕರೆ ಅರ್ಧ ರಿಪೇರಿ ಮುಗಿದಂತೆ, ಮತ್ತು ಆ ಅರ್ಧವನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು.

ಮೊದಲು ಕೂಲೆಂಟ್ ಏನು ಮಾಡುತ್ತದೆ ಎಂದು ತಿಳಿಯೋಣ. ಎಂಜಿನ್ನಿನ ಬಿಸಿಯನ್ನು ಹೊತ್ತು ಮುಂಭಾಗದ ರೇಡಿಯೇಟರ್‌ಗೆ ತಂದು, ಅಲ್ಲಿ ಗಾಳಿಗೆ ಬಿಟ್ಟು, ಮತ್ತೆ ಎಂಜಿನ್ನಿಗೆ ಮರಳುವುದು ಅದರ ಕೆಲಸ. ಇದನ್ನು ಸುತ್ತಿಸುವುದು ವಾಟರ್ ಪಂಪ್. ದಾರಿ ತೆರೆದು ಮುಚ್ಚುವುದು ಥರ್ಮೋಸ್ಟಾಟ್. ಹೆಚ್ಚಿನ ಕಾರುಗಳಲ್ಲಿ ಅದು 82ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ; ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಿದ್ದರೆ ಎಂಜಿನ್ನಿನಲ್ಲಿ ಯಾಕೆ ಕುದಿಯುವುದಿಲ್ಲ? ಒಂದು, ಕೂಲೆಂಟ್‌ನಲ್ಲಿ ನೀರಿನ ಜೊತೆ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಎರಡು, ರೇಡಿಯೇಟರ್ ಮುಚ್ಚಳ ಒಳಗೆ ಸುಮಾರು ಒಂದು ಬಾರ್ ಒತ್ತಡ ಹಿಡಿದಿಡುತ್ತದೆ. ಎರಡೂ ಸೇರಿದರೆ ಕುದಿಯುವ ಬಿಂದು 125 ಡಿಗ್ರಿಯ ಸುತ್ತಮುತ್ತಲಿಗೆ ಏರುತ್ತದೆ. ಒತ್ತಡ ಹಿಡಿದಿಟ್ಟು ನಮ್ಮ ಅಡುಗೆಮನೆಯ ಕುಕ್ಕರ್ ಮಾಡುವುದೂ ಇದನ್ನೇ.

ಕುಕ್ಕರ್ ಅಂದಮೇಲೆ ಮೊದಲ ನಿಯಮ ತಾನಾಗಿಯೇ ಬರುತ್ತದೆ. ವಿಸಿಲ್ ಇಳಿಯದೆ ಮುಚ್ಚಳ ತೆಗೆಯುತ್ತೇವೆಯೇ? ಬಿಸಿ ಎಂಜಿನ್ನಿನ ಮುಚ್ಚಳ ಬಿಚ್ಚಿದರೆ ಕುದಿಯುವ ಕೂಲೆಂಟ್ ಮುಖಕ್ಕೆ ಎರಚುತ್ತದೆ. ಹಾಗಾಗಿ ಬೆಳಿಗ್ಗೆ, ರಾತ್ರಿಯಿಡೀ ನಿಂತ ಕಾರಿನ ಮೇಲೆಯೇ ಕೆಲಸ ಶುರುಮಾಡಿ. ಹಿಂದಿನ ರಾತ್ರಿಯೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಒಂದು ಇಟ್ಟಿಗೆ ಒತ್ತಿಡಿ. ಇಳಿಜಾರಿನಲ್ಲಿ ಕೂಲೆಂಟ್ ತುಂಬುವ ಪ್ಲಾಸ್ಟಿಕ್ ಡಬ್ಬಿಯ ಮಟ್ಟವೂ ಸುಳ್ಳು ಹೇಳುತ್ತದೆ.

ಇನ್ನು ಪತ್ತೆ ಕೆಲಸ. ಎಸಿ ಹಾಕಿಕೊಂಡು ಬಂದ ಕಾರಿನ ಕೆಳಗೆ, ಎಡಸೀಟಿನ ಕಾಲ ಬಳಿ, ನೀರು ತೊಟ್ಟಿಕ್ಕುವುದು ಸಹಜ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜಿಡ್ಡಿಲ್ಲ. ಕೂಲೆಂಟ್‌ಗೆ ಹಸಿರು, ಕೆಂಪು, ಗುಲಾಬಿ ಅಥವಾ ನೀಲಿ ಬಣ್ಣವಿರುತ್ತದೆ, ಸಿಹಿಯಾದ ವಾಸನೆಯಿರುತ್ತದೆ, ಬೆರಳಿಗೆ ಜಾರುತ್ತದೆ. ಗುರುತು ಹಿಡಿಯಲು ರಾತ್ರಿಯೇ, ಎಂಜಿನ್ ಆರಿದ ಮೇಲೆ, ಫ್ರಿಜ್ಜೋ ಟಿವಿಯೋ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ, ಕಾರಿನ ಮುಂಭಾಗದಡಿ ಹಾಸಿ. ಚಕ್ರಗಳು ಎಲ್ಲಿವೆ ಎಂದು ಪೆನ್ನಿನಲ್ಲಿ ಗುರುತು ಹಾಕಿ. ಡಬ್ಬಿಯ ಮೇಲೆ ಈಗಿನ ಮಟ್ಟಕ್ಕೆ ಒಂದು ಟೇಪ್ ಅಂಟಿಸಿ. ಬೆಳಿಗ್ಗೆ ರಟ್ಟಿನ ಮೇಲಿನ ಕಲೆಗೆ ನೇರವಾಗಿ ಮೇಲೆ ಟಾರ್ಚ್ ಹಿಡಿಯಿರಿ.

ಕೆಲವು ಸೋರಿಕೆಗಳು ಒತ್ತಡ ಏರಿದಾಗ ಮಾತ್ರ ಸೋರುತ್ತವೆ, ಬಿಸಿ ಲೋಹದ ಮೇಲೆ ಅಲ್ಲೇ ಒಣಗಿ ನೆಲ ಮುಟ್ಟುವುದೇ ಇಲ್ಲ. ಅವು ಬಿಟ್ಟುಹೋಗುವ ಸಾಕ್ಷಿ ಬಿಳಿಯ ಇಲ್ಲವೇ ಬಣ್ಣದ ಪುಡಿ. ರೇಡಿಯೇಟರ್ ಹೋಸ್‌ಗಳ ಎರಡೂ ತುದಿ, ರೇಡಿಯೇಟರಿನ ಲೋಹ ಮತ್ತು ಪ್ಲಾಸ್ಟಿಕ್ ಕೂಡುವ ಅಂಚು, ವಾಟರ್ ಪಂಪಿನ ಕೆಳಗಿನ ಪುಟ್ಟ ತೂತು, ಡಬ್ಬಿಯ ತಳ ಇಷ್ಟನ್ನೂ ಸಾವಧಾನವಾಗಿ ನೋಡಿ. ಪಂಪಿನ ಆ ತೂತಿನಿಂದ ಕೂಲೆಂಟ್ ಬರುತ್ತಿದ್ದರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ನಂತರ ಎಂಜಿನ್ ಚಾಲೂ ಮಾಡಿ, ಬಿಸಿಯಾಗಲು ಬಿಟ್ಟು, ದೂರದಿಂದ ಮತ್ತೆ ನೋಡಿ. ಫ್ಯಾನಿನ ಹತ್ತಿರ ಕೈಯಾಗಲಿ, ದುಪಟ್ಟಾ ಆಗಲಿ ಬೇಡ. ಹಲವು ಕಾರುಗಳಲ್ಲಿ ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗಬಹುದು.

ಹೊರಗೆಲ್ಲೂ ಒದ್ದೆಯಿಲ್ಲ, ಆದರೂ ಮಟ್ಟ ಇಳಿಯುತ್ತಿದೆ ಎಂದರೆ ಎರಡು ಅನುಮಾನ. ಕಾರಿನೊಳಗೆ ಸಿಹಿ ವಾಸನೆ, ಗಾಜಿಗೆ ಜಿಡ್ಡು ಮಂಜು, ಕಾಲಡಿಯ ಮ್ಯಾಟ್ ಒದ್ದೆ ಇದ್ದರೆ ಒಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್, ಅಂದರೆ ಹೀಟರ್ ಕೋರ್, ಸೋರುತ್ತಿದೆ. ಸೈಲೆನ್ಸರ್‌ನಿಂದ ನಿಲ್ಲದ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಹಾಲು ಬೆರೆಸಿದ ಕಾಫಿಯಂಥ ನೊರೆ ಕಂಡರೆ ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರುವ ಸಂಭವ ಹೆಚ್ಚು. ಆಗ ಕಾರು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ. ಇವೆರಡೂ, ವಾಟರ್ ಪಂಪೂ ಹೊಸಬರ ಕೆಲಸವಲ್ಲ.

ಹೊಸಬರು ಧೈರ್ಯವಾಗಿ ಮಾಡಬಹುದಾದವು ಮೂರು: ರೇಡಿಯೇಟರ್ ಮುಚ್ಚಳ ಬದಲಿಸುವುದು, ಹೋಸ್ ಹಿಡಿದಿಡುವ ಸಡಿಲ ಕ್ಲಾಂಪ್ ಬಿಗಿ ಮಾಡುವುದು, ಬಿರುಕುಬಿಟ್ಟ ಹೋಸ್ ಬದಲಿಸುವುದು. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಅದೇ ಒತ್ತಡದ ಅಂಕಿ ಇರುವ ಹೊಸದನ್ನು ಹಾಕಿ. ಹೋಸ್ ಕೊಳ್ಳಲು ಜೆಸಿ ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವುದಾದರೆ ಕಾರಿನ ಮಾಡೆಲ್, ಇಸವಿ ಬರೆದುಕೊಂಡು ಹೋಗಿ. ಬಿಚ್ಚಿದ ಹಳೆಯದನ್ನೇ ಕೈಯಲ್ಲಿ ಹಿಡಿದು ಹೋದರೆ ಇನ್ನೂ ಒಳ್ಳೆಯದು.

ಬಿಚ್ಚುವ ಮುನ್ನ ಕೆಳಗೆ ಒಂದು ಹಳೆಯ ಟಬ್ ಇಟ್ಟು ಕೂಲೆಂಟ್ ಇಳಿಸಿ. ಇದು ವಿಷ, ಆದರೆ ರುಚಿಗೆ ಸಿಹಿ. ಬೀದಿನಾಯಿ, ಬೆಕ್ಕು ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಒರೆಸಿ ತೊಳೆಯಿರಿ. ಟಬ್ಬಿಗೆ ಇಳಿದದ್ದನ್ನು ಚರಂಡಿಗೆ ಸುರಿಯಬೇಡಿ, ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಹಳೆಯ ಹೋಸ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ರೇಡಿಯೇಟರಿನ ಪ್ಲಾಸ್ಟಿಕ್ ಮೂತಿ ಮುರಿಯುತ್ತದೆ. ಬ್ಲೇಡಿನಿಂದ ಹೋಸನ್ನು ಉದ್ದಕ್ಕೆ ಸೀಳಿ ಬಿಡಿಸಿ. ಮೂತಿಯ ಮೇಲಿನ ಬಿಳಿ ಪುಡಿಯನ್ನು ಒದ್ದೆಬಟ್ಟೆಯಲ್ಲಿ ಉಜ್ಜಿ ತೆಗೆಯಿರಿ. ಹೊಸ ಹೋಸಿಗೆ ಕ್ಲಾಂಪ್‌ಗಳನ್ನು ಮೊದಲೇ ತೊಡಿಸಿ. ಹೊಸಬರೆಲ್ಲ ಮರೆಯುವುದು ಇದನ್ನೇ. ಮೂತಿಯ ಉಬ್ಬು ಏಣನ್ನು ದಾಟುವವರೆಗೆ ಹೋಸ್ ತಳ್ಳಿ, ಕ್ಲಾಂಪ್ ಆ ಏಣಿನ ಹಿಂದೆ ಕೂರಬೇಕು. ಹೋಸ್ ಕೈಯಲ್ಲಿ ತಿರುಗದಷ್ಟು ಬಿಗಿ ಸಾಕು. ಹೆಚ್ಚು ಬಿಗಿದರೆ ರಬ್ಬರ್ ಕತ್ತರಿಸುತ್ತದೆ.

ತುಂಬುವಾಗ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲೆಂಟನ್ನೇ ತನ್ನಿ, ಬಣ್ಣ ನೋಡಿ ಬೆರೆಸಬೇಡಿ. ರೆಡಿ ಮಿಕ್ಸ್ ಆದರೆ ಹಾಗೇ ಹಾಕಿ. ಸಾಂದ್ರವಾದದ್ದಕ್ಕೆ ಸಾಮಾನ್ಯವಾಗಿ ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ವಾಟರ್ ಬೆರೆಸುತ್ತಾರೆ. ಬೋರ್‌ವೆಲ್ ನೀರು ಖಂಡಿತ ಬೇಡ. ಅದನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ. ನಿಧಾನವಾಗಿ ತುಂಬಿ, ತಣ್ಣಗಿನ ಎಂಜಿನ್ನನ್ನು ಮುಚ್ಚಳ ತೆರೆದೇ ಚಾಲೂ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ. ಫ್ಯಾನಿನಿಂದ ಕೈ ದೂರವಿಟ್ಟು, ರೇಡಿಯೇಟರಿನ ಮೇಲಿನ ಹೋಸನ್ನು ಮೆಲ್ಲಗೆ ಹಿಸುಕುತ್ತಾ ಗುಳ್ಳೆ ಬರುವುದು ನಿಲ್ಲುವವರೆಗೆ ಮಟ್ಟ ತುಂಬಿಸುತ್ತಿರಿ. ಕೂಲೆಂಟ್ ಉಕ್ಕಿ ಬರತೊಡಗಿದರೆ ಮುಚ್ಚಳ ಹಾಕಿಬಿಡಿ. ಒಳಗೆ ಗಾಳಿ ಉಳಿದರೆ ಎಂಜಿನ್ ಮತ್ತೆ ಹೀಟ್ ಆಗುತ್ತದೆ. ಗಾಳಿ ಬಿಡಲು ಬೇರೆ ಸ್ಕ್ರೂ ಇರುವ ಕಾರುಗಳೂ ಇವೆ, ಕೈಪಿಡಿ ನೋಡಿಕೊಳ್ಳಿ.

ದಾರಿಯಲ್ಲೇ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಬಿಸಿಯ ಕೆಂಪು ದೀಪ ಹತ್ತಿದರೆ ಎಸಿ ಆರಿಸಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಮುಕ್ಕಾಲು ಗಂಟೆ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕುಬಿಡಬಹುದು. ಆರಿದ ಮೇಲೆ ಗ್ಯಾರೇಜ್ ಮುಟ್ಟುವಷ್ಟಕ್ಕೆ ಕುಡಿಯುವ ನೀರು ಹಾಕಬಹುದು, ಅಷ್ಟೇ.

ಸೋರಿಕೆ ಶುರುವಾಗಲಿ ಎಂದು ಕಾಯಬೇಡಿ. ಈ ಭಾನುವಾರ ಬೆಳಿಗ್ಗೆ, ಕಾರು ಹೊರಗೆ ತೆಗೆಯುವ ಮುಂಚೆ, ಬಾನೆಟ್ ಎತ್ತಿ ಡಬ್ಬಿಯ ಮೇಲೆ ಆ ಟೇಪ್ ಅಂಟಿಸಿಬಿಡಿ. ಮುಂದಿನ ಭಾನುವಾರ ಕೂಲೆಂಟ್ ಅದೇ ಮಟ್ಟದಲ್ಲಿದ್ದರೆ ರಟ್ಟಿನ ಕೆಲಸ ಸದ್ಯಕ್ಕಿಲ್ಲ.