ಅಜ್ಜಿಯ ಹಾಡು: ಟ್ಯಾಬ್ಲೆಟ್‌ನಿಂದ ಗಣಕಕ್ಕೆ

ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಬಂದ ಅಜ್ಜಿ ಪೋರ್ಟ್ ಕ್ರೆಡಿಟ್‌ನ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಇದ್ದರು. ಸಂಜೆ ಕ್ರೆಡಿಟ್ ನದಿ ಒಂಟಾರಿಯೊ ಸರೋವರ ಸೇರುವಲ್ಲಿಯವರೆಗೆ ನಡೆದುಬಂದು, ಊಟಕ್ಕೆ ಮುಂಚೆ ಹಸೆಗೆ ಕರೆಯುವ ಹಾಡು ಹೇಳುತ್ತಿದ್ದರು. ಅವರ ತಾಯಿಯಿಂದ ಬಂದ ಹಾಡುಗಳು. ಮನೆಯ ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಮೊಮ್ಮಗಳು ಅದರಲ್ಲಿ ಒಂದನ್ನು ಐಪ್ಯಾಡಿನ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಮುದ್ರಿಸಿ, ತಂಬೂರಿಯ ಶ್ರುತಿ ಹಾಕಿ, ಕೀಬೋರ್ಡ್ ನುಡಿಸಿದಳು. ಅಜ್ಜಿ ಊರಿಗೆ ಹೋದ ಮೇಲೆ ಅದನ್ನು ಮೇಜಿನ ಗಣಕದಲ್ಲಿ ತಿದ್ದಿ, ವಿಡಿಯೋ ಮಾಡಿ ಕಳಿಸೋಣವೆಂದುಕೊಂಡೆವು. ಅಲ್ಲಿಂದ ನಮ್ಮ ಪಾಠ ಶುರುವಾಯಿತು. ನಮ್ಮಂತೆಯೇ ಮನೆಯ ಹಿರಿಯರ ದನಿ ಹಿಡಿದಿಡಲು ಹೊರಟವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮದು ವಿಂಡೋಸ್ ಗಣಕ. ಗ್ಯಾರೇಜ್‌ಬ್ಯಾಂಡ್ 2004ರಲ್ಲಿ ಮ್ಯಾಕ್‌ಗೆ, 2011ರಲ್ಲಿ ಐಪ್ಯಾಡಿಗೆ ಬಂತು; ವಿಂಡೋಸ್‌ಗೆ ಬರಲೇ ಇಲ್ಲ. ಐಪ್ಯಾಡಿನಲ್ಲಿ ಮಾಡಿದ್ದು ಮ್ಯಾಕ್‌ನ ಗ್ಯಾರೇಜ್‌ಬ್ಯಾಂಡ್‌ನಲ್ಲಿ, ಲಾಜಿಕ್‌ನಲ್ಲಿ ತೆರೆಯುತ್ತದೆ. ಹಿಂದಕ್ಕೆ ಬರುವಾಗ ಮಾತ್ರ ಎಲ್ಲ ಪದರಗಳೂ ಬೆರೆತು ಒಂದೇ ಪದರವಾಗಿ ಬರುತ್ತವೆ. ಅದರ ಮೇಲೆ ಹೊಸದು ಹಾಡಬಹುದು, ಕೆಳಗಿನದನ್ನು ಬಿಡಿಬಿಡಿಯಾಗಿ ಮುಟ್ಟಲಾಗದು. ಬಿಡಿಸಿದ ಸಾಂಬಾರಿನಿಂದ ಉಪ್ಪು ತೆಗೆದಂತೆ!

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮುದ್ರಣದ ಯೋಜನೆಯೊಳಗೆ ಎರಡು ಬಗೆಯ ಪದರಗಳಿರುತ್ತವೆ. ಅಜ್ಜಿಯ ದನಿ ನಿಜವಾದ ಧ್ವನಿ. ಕೀಬೋರ್ಡಿನದು ಮಿಡಿ, ಅಂದರೆ ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಒತ್ತು ಎಂಬ ಬರಹ ಅಷ್ಟೇ; ನಮ್ಮ ಸಂಗೀತದ ಪುಸ್ತಕದ ಸ್ವರಲಿಪಿ ಇದ್ದಂತೆ. ಲಿಪಿಯನ್ನು ಬೇರೆ ಮನೆಗೆ ಕೊಟ್ಟರೆ ಅಲ್ಲಿರುವ ವಾದ್ಯದಲ್ಲೇ ನುಡಿಸುತ್ತಾರೆ. ಐಪ್ಯಾಡಿನ ವಾದ್ಯ ಗಣಕದಲ್ಲಿ ಇಲ್ಲದಿದ್ದರೆ ಬೇರೆ ವಾದ್ಯ ಕೇಳಿಸುತ್ತದೆ, ಇಲ್ಲವೇ ಏನೂ ಕೇಳಿಸುವುದಿಲ್ಲ.

ಹೀಗಾಗಿ ಯೋಜನೆಯನ್ನು ಸಾಗಿಸುವ ಹಟ ಬಿಟ್ಟು ಧ್ವನಿಯನ್ನೇ ಸಾಗಿಸಿದೆವು. ಒಂದು ಪದರ ಬಿಟ್ಟು ಉಳಿದವುಗಳ ಬಾಯಿ ಮುಚ್ಚಿಸಿ, ಕುಗ್ಗಿಸದ ವೇವ್ ಕಡತವಾಗಿ ಹೊರತೆಗೆಯುವುದು. ಮತ್ತೊಂದು ಪದರಕ್ಕೂ ಹಾಗೆಯೇ. ಪ್ರತಿಯೊಂದೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗಬೇಕು, ದನಿ ಬರುವುದಕ್ಕೆ ಮುಂಚಿನ ಮೌನವೂ ಸೇರಿ. ಆಗ ಗಣಕದಲ್ಲಿ ಎಲ್ಲವನ್ನೂ ಸೊನ್ನೆಗೆ ತಂದಿಟ್ಟರೆ ತಾನಾಗಿ ಹೊಂದುತ್ತವೆ. ವಾಟ್ಸ್ಆಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಧ್ವನಿ ಸಂದೇಶವಾಗಿ ಹೋದರೆ ಕುಗ್ಗಿಹೋಗುತ್ತದೆ. (ತಾಳದ ಟಿಕ್‌ಟಿಕ್ ಬೇಕೆನ್ನುವವರು ಗಮನಿಸಿ: ಐಪ್ಯಾಡಿನ ಗ್ಯಾರೇಜ್‌ಬ್ಯಾಂಡ್‌ನಲ್ಲಿ ಏಳು ಅಕ್ಷರದ ಮಿಶ್ರ ಛಾಪುವಿಗೆ ಜಾಗವಿಲ್ಲ. ಅದನ್ನು ನಿಲ್ಲಿಸಿ, ಕೈತಾಳವೇ ಸಾಕು.)

ಇಷ್ಟಾದ ಮೇಲೂ ಎಡವಿದೆವು. ಮಗಳು ಗಣಕದಲ್ಲಿ ಕೀಬೋರ್ಡನ್ನು ಹೊಸದಾಗಿ ನುಡಿಸಿದರೆ ಅಜ್ಜಿಯ ದನಿಗೆ ಕೂಡಲೇ ಇಲ್ಲ. ಆರು ನಿಮಿಷದ ಹಾಡು ಐದೂವರೆ ನಿಮಿಷಕ್ಕೇ ಮುಗಿಯುತ್ತಿತ್ತು. ಫೋನಿನಲ್ಲಿ ಕೇಳಿಸಿದಾಗ ಅಜ್ಜಿ, “ಇದ್ಯಾರೇ ಪುಟ್ಟಿ ಈ ಹುಡುಗಿ?” ಎಂದುಬಿಟ್ಟರು.

ತಪ್ಪು ನಮ್ಮದೇ. ಗ್ಯಾರೇಜ್‌ಬ್ಯಾಂಡ್ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದಿಡುತ್ತದೆ. ವಿಡಿಯೋಗೆಂದು ಗಣಕದಲ್ಲಿ ನಾವಿಟ್ಟಿದ್ದು 48,000. ಕಡತ ತರುವಾಗ ಅಳತೆ ಪರಿವರ್ತಿಸಬೇಕೆಂಬ ಗುರುತನ್ನು ಯಾವಾಗಲೋ ನಾವೇ ತೆಗೆದುಹಾಕಿದ್ದೆವು. ಹೀಗಾದರೆ ಹಾಡು ಸುಮಾರು ಶೇಕಡಾ 9ರಷ್ಟು ಓಡುತ್ತದೆ, ಶ್ರುತಿ ಹೆಚ್ಚುಕಡಿಮೆ ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಅಳತೆ ಸರಿಪಡಿಸಿದ ಕೂಡಲೇ ಅಜ್ಜಿ ಅಜ್ಜಿಯಾದರು. ಆಮೇಲೆ ಹಾಡಿನ ಶ್ರುತಿ, ವೇಗ, ಈ ಅಳತೆ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕಡತಗಳ ಜೊತೆಗೇ ಇಟ್ಟಿದ್ದೇವೆ. ಐಪ್ಯಾಡಿನ ಮೂಲವನ್ನು ಅಳಿಸಿಲ್ಲ. ನಾವಂತೂ ಅಳಿಸುವುದೂ ಇಲ್ಲ.

ಸರಿಪಡಿಸಿದ್ದನ್ನು ಮತ್ತೆ ಕೇಳಿಸಿದೆವು. ಅಜ್ಜಿ ಕೊನೆಯವರೆಗೂ ಸುಮ್ಮನಿದ್ದು, “ಮೂರನೇ ನುಡಿ ಬಿಟ್ಟೇಬಿಟ್ಟಿದ್ದೀನಲ್ಲೇ” ಎಂದು ಫೋನಿನಲ್ಲೇ ಹಾಡಿ ತೋರಿಸಿದರು. ಅದನ್ನು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಸರಿಯಾಗಿ ಮುದ್ರಿಸಿ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದ್ದೇವೆ.