ಗ್ರಹಣದ ರಾತ್ರಿ ಹೆಚ್ಚಿದ ಸೇಬು

ಪ್ರಶ್ನೆ: 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ನಾನು ಏಳು ತಿಂಗಳ ಬಸುರಿ. ಹಸಿವು ತಡೆಯಲಾರದೆ ಅತ್ತೆಗೆ ಕಾಣದಂತೆ ಸೇಬು ಹೆಚ್ಚಿ ತಿಂದೆ. ಕಾರ್ತಿಕದ ಕೊನೆಗೆ ಮಗಳು ಹುಟ್ಟಿದಳು. ಸೀಳುತುಟಿ, ಅಂಗುಳವೂ ಸೀಳಿದೆ. ‘ಗ್ರಹಣ ತಾಗಿದೆ, ಶಾಂತಿ ಮಾಡಿಸಬೇಕು’ ಎನ್ನುತ್ತಾರೆ ಅತ್ತೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಮ್ಮ ಯಜಮಾನರು ಅವರನ್ನೂ, ದೇವರಿಗೆ ದೀಪ ಹಚ್ಚುವ ನನ್ನನ್ನೂ ಗೇಲಿ ಮಾಡುತ್ತಾರೆ. ಸೇಬಿನ ವಿಷಯ ಯಾರಿಗೂ ಹೇಳಿಲ್ಲ. ತಪ್ಪು ನನ್ನದೇ? ದೇವರನ್ನು ನಂಬಲೋ, ಬಿಡಲೋ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಇಲ್ಲ ತಂಗಿ, ತಪ್ಪು ನಿಮ್ಮದಲ್ಲ. ಸಮಾಧಾನಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿ ನೋಡಿ. ಮಗುವಿನ ತುಟಿಯ ಎರಡು ಬದಿ ಕೂಡಿಕೊಳ್ಳುವುದು ಬಸಿರಿನ ಎರಡನೇ ತಿಂಗಳ ಆಸುಪಾಸಿನಲ್ಲಿ. ಅಂಗುಳ ಅದಾದ ಕೆಲವೇ ವಾರಗಳಲ್ಲಿ. ನಿಮ್ಮ ಲೆಕ್ಕದಲ್ಲಿ ಅದು ಯುಗಾದಿಯ ಹಿಂದುಮುಂದು, ಬಸಿರು ನಿಂತದ್ದು ನಿಮಗೇ ಆಗತಾನೇ ಗೊತ್ತಾದ ಹೊತ್ತು. ಸೆಪ್ಟೆಂಬರಿನಲ್ಲಿ ನೀವು ಚಾಕು ಹಿಡಿಯುವಷ್ಟರಲ್ಲಿ ಆಗಬೇಕಾದ್ದು ಆಗಿ ತಿಂಗಳುಗಳೇ ಕಳೆದಿದ್ದವು. ವಂಶವಾಹಿ, ಕೆಲವು ಔಷಧಗಳು, ತಾಯಿಯ ಸಕ್ಕರೆ ಕಾಯಿಲೆ, ಹೀಗೆ ಹಲವು ಕಾರಣಗಳಿರಬಹುದು. ಎಷ್ಟೋ ಮಕ್ಕಳಲ್ಲಿ ಇಂಥದ್ದೇ ಎಂದು ಬೆರಳಿಟ್ಟು ತೋರಿಸಲು ವೈದ್ಯರಿಗೂ ಆಗುವುದಿಲ್ಲ. ಆ ಖಾಲಿ ಜಾಗಕ್ಕೇ ಪಾಪ ಬಂದು ಕೂರುವುದು.

ಹೀಗೆ ಪಾಪವನ್ನು ಕಾರಣ ಮಾಡುವ ಚಟ ದೊಡ್ಡವರನ್ನೂ ಬಿಟ್ಟಿಲ್ಲ. 1934ರ ಜನವರಿ 15ರ ಭೂಕಂಪದಲ್ಲಿ ಬಿಹಾರ, ನೇಪಾಳ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಸ್ಪೃಶ್ಯತೆಯ ವಿರುದ್ಧ ಪ್ರವಾಸದಲ್ಲಿದ್ದ ಗಾಂಧೀಜಿ, ಅದು ಆ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯನ್ನು ತಾವೂ ಖಂಡಿಸುತ್ತಿದ್ದ ಟಾಗೋರರಿಗೆ ಈ ಮಾತು ಹಿಡಿಸಲಿಲ್ಲ. ಭೂಮಿ ನಡುಗುವುದಕ್ಕೆ ಭೌತಿಕ ಕಾರಣವೇ ಇರುವುದು. ಪಾಪಕ್ಕೆ ಶಿಕ್ಷೆ ಎಂಬ ನಿಮ್ಮ ತರ್ಕವನ್ನೇ ಹಿಡಿದು ನಿಮ್ಮ ವಿರೋಧಿಗಳು ನಿಮ್ಮ ಚಳವಳಿಯ ಮೇಲೇ ತಪ್ಪು ಹೊರಿಸಬಹುದಲ್ಲ ಎಂದು ಬರೆದರು. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದರು, ತಮ್ಮ ಪಟ್ಟನ್ನು ಮಾತ್ರ ಬಿಡಲಿಲ್ಲ. ನನ್ನ ಮಟ್ಟಿಗೆ ಟಾಗೋರರದೇ ಸರಿ. ಆದರೆ ಕಾರಣವನ್ನು ತಪ್ಪಾಗಿ ಹೇಳಿದ ಅದೇ ಮುದುಕ ಮಾರ್ಚ್ ತಿಂಗಳಲ್ಲಿ ಬಿಹಾರಕ್ಕೆ ಹೋಗಿ ಸಂತ್ರಸ್ತರ ನಡುವೆ ಓಡಾಡಿದರು.

ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ. ಗ್ರಹಣದ ವಿಷಯದಲ್ಲಿ ಅವರದು ನೂರಕ್ಕೆ ನೂರು ಸರಿ. ಆದರೆ ಸರಿಯಾಗಿದ್ದರಷ್ಟೇ ಸಾಲದು. ಅಂಗುಳ ಸೀಳಿದ ಮಗು ಮೊಲೆ ಚೀಪಲಾರದು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಒಳಲೆಯಲ್ಲಿ ಗುಟುಕು ಗುಟುಕಾಗಿ ಹಾಲು ಹಾಕಬೇಕು. ಮೂಗಿನಿಂದ ಬಂದದ್ದನ್ನು ಒರೆಸಿ, ತೇಗು ಬರಿಸಿ, ಮತ್ತೆ ಮೊದಲಿನಿಂದ ಶುರು. ನಡುರಾತ್ರಿಯ ಆ ಒಳಲೆಯನ್ನು ಮೇಷ್ಟ್ರು ಹಿಡಿದದ್ದು ನಿಮ್ಮ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. (ಹಿಡಿಯುತ್ತಿದ್ದರೆ ಈ ಸಾಲನ್ನು ಅವರಿಗೆ ಓದಬೇಡಿ.)

ಅತ್ತೆಯವರೊಡನೆ ವಾದಕ್ಕೆ ಇಳಿಯಬೇಡಿ. ಶಾಂತಿ ಮಾಡಿಸಿದರೆ ಅವರ ಮನಸ್ಸಿನ ದಿಗಿಲು ಇಳಿಯುವುದಾದರೆ ಮಾಡಿಸಲಿ. ಒಂದನ್ನು ಮಾತ್ರ ಒಪ್ಪಬೇಡಿ: ನೆಂಟರ ಮುಂದೆ, ನಾಳೆ ಬುದ್ಧಿ ತಿಳಿದ ಮೇಲೆ ಮಗಳ ಮುಂದೆ ‘ಇದು ಅವರಮ್ಮನ ಪಾಪ’ ಎನ್ನುವ ಮಾತು. ಅಲ್ಲಿ ಯಜಮಾನರು ಬಾಯಿ ತೆರೆಯಬೇಕು, ಗೇಲಿಗಲ್ಲ, ಅಡ್ಡ ನಿಲ್ಲುವುದಕ್ಕೆ. ಸೇಬಿನ ವಿಷಯ ಅವರೊಬ್ಬರಿಗೆ ಹೇಳಿಬಿಡಿ. ಒಬ್ಬರೇ ಹೊರಬೇಕಾದ ಭಾರವಲ್ಲ ಅದು.

ದೇವರನ್ನು ಬಿಡಬೇಕೇ? ನಾನು ಯಾಕೆ ಬಿಡಿಸಲಿ? ದೀಪ ಹಚ್ಚಿದಾಗ ನಿಮಗೆ ಬಲ ಬರುವುದಾದರೆ ಹಚ್ಚಿ. ಸೇಬಿಗಾಗಿ ಕೂಸನ್ನು ದಂಡಿಸುವ ದೇವರನ್ನಷ್ಟೇ ಬಿಡಿ. ಅಂಥವನಿಗೆ ಕೈಮುಗಿಯಲು ನನಗಂತೂ ಮನಸ್ಸಾಗದು.

ಈಗ ಮುಖ್ಯ ಕೆಲಸ. ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ಸೀಳುತುಟಿ ಅದರ ಪಟ್ಟಿಯಲ್ಲಿದೆ, ಚಿಕಿತ್ಸೆ ಉಚಿತ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ 3ರಿಂದ 6 ತಿಂಗಳೊಳಗೆ, ಅಂಗುಳದ್ದು 9ರಿಂದ 18 ತಿಂಗಳೊಳಗೆ. ತೂಕ ಸುಮಾರು 5 ಕೆ.ಜಿ., ಹಿಮೋಗ್ಲೋಬಿನ್ 10 ಇರಬೇಕು ಎನ್ನುತ್ತಾರೆ; ಆದ್ದರಿಂದ ವಾರವಾರ ತೂಕ ನೋಡಿಸಿ. ಶಾಂತಿಯ ಮುಹೂರ್ತವೂ ಶಸ್ತ್ರಚಿಕಿತ್ಸೆಯ ತಾರೀಖೂ ಒಂದೇ ದಿನ ಬಿದ್ದರೆ, ಪುರೋಹಿತರಿಗೆ ಫೋನ್ ಮಾಡಿ ಬೇರೆ ದಿನ ಕೇಳಿ.